ನಾಲ್ಕು ಗಂಟೆಯ ಸಾಲು

ಆ ಹಾಳೆಯಲ್ಲಿ ನಾಲ್ಕು ಗಂಟೆಯ ಸಾಲು ನನ್ನ ಕೈಬರಹದಲ್ಲಿದೆ. ಅಂಕಿಗಳು ದುಂಡಗಿವೆ, ಶಾಯಿ ಎಲ್ಲೂ ಚೆಲ್ಲಿಲ್ಲ, ಒಂದು ಚಿತ್ತೂ ಇಲ್ಲ. ಆ ಸಾಲನ್ನು ಬರೆದಾಗ ಫೋನಿನಲ್ಲಿ ಕೇಳಿದ ಧ್ವನಿಯೂ ನನಗೆ ನೆನಪಿದೆ. ಈ ನೆನಪನ್ನು ನಂಬಬಾರದು ಎಂದು ನಾನೇ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿದ್ದೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಮಡಿಕೇರಿಯ ವಿದ್ಯುತ್ ಕಚೇರಿಯಲ್ಲಿ ಕುಳಿತು ಜಿಲ್ಲೆಯ ಮೂರು ಸಬ್‌ಸ್ಟೇಷನ್‌ಗಳ ಸ್ಥಿತಿಯನ್ನು ಗಂಟೆಗೊಮ್ಮೆ ತಿಳಿದುಕೊಳ್ಳುವುದು ನನ್ನ ಕೆಲಸ. ಒಂದು ಸ್ಟೇಷನ್ ದಕ್ಷಿಣಕ್ಕೆ, ಬಾಳೆಲೆ ಕಡೆಯ ಎಸ್ಟೇಟುಗಳಿಗೆ ಕರೆಂಟು ಕೊಡುವುದು. ಒಂದು ಉತ್ತರಕ್ಕೆ, ಹಾಸನದ ಗಡಿಯ ದಿಕ್ಕಿಗೆ. ಇನ್ನೊಂದು ಪೂರ್ವಕ್ಕೆ, ಕಾವೇರಿಯ ಆಚೆ. ಮೂರರ ಟೆಲಿಫೋನ್ ತಂತಿಗಳೂ ಕರೆಂಟಿನ ಕಂಬಗಳ ಮೇಲೆಯೇ ಬಂದು ನನ್ನ ಮೇಜಿನ ಪೆಟ್ಟಿಗೆಯಲ್ಲಿ ಕೂಡುತ್ತಿದ್ದವು. ಹಿಡಿಕೆ ತಿರುಗಿಸಿದರೆ ನಾಲ್ಕು ಕಡೆಯೂ ಗಂಟೆ ಬಾರಿಸುತ್ತಿತ್ತು. ಯಾರಿಗೆ ಕರೆ ಎಂಬುದು ಗಂಟೆಯ ಲೆಕ್ಕದಿಂದ ತಿಳಿಯಬೇಕು: ದಕ್ಷಿಣಕ್ಕೆ ಒಂದು ಉದ್ದ ಎರಡು ಗಿಡ್ಡ, ಉತ್ತರಕ್ಕೆ ಎರಡು ಉದ್ದ, ಪೂರ್ವಕ್ಕೆ ಮೂರು ಗಿಡ್ಡ, ಮಡಿಕೇರಿಗೆ ಒಂದೇ ಉದ್ದ.

ನಾನು ಬಂದಾಗ ಆ ತಂತಿಯ ಮೇಲೆ ಮಳೆ, ಬೆಳೆ, ಮದುವೆ ಎಲ್ಲದರ ಮಾತೂ ನಡೆಯುತ್ತಿತ್ತು. ಒಬ್ಬ ಮಾತಾಡುವಾಗ ಉಳಿದವರೂ ಫೋನ್ ಎತ್ತಿ ಕೇಳುತ್ತಿದ್ದರು. ಹಾಗೆ ಎತ್ತಿದರೆ ತಂತಿಯಲ್ಲಿ ಧ್ವನಿ ಸೊರಗುತ್ತದೆ. ನಾನು ಒಂದು ಸುತ್ತೋಲೆ ಹೊರಡಿಸಿದೆ. ತನ್ನ ಗಂಟೆಯಲ್ಲದ ಗಂಟೆಗೆ ಯಾರೂ ಫೋನ್ ಎತ್ತಕೂಡದು. ಮಡಿಕೇರಿ ಮೂರೇ ಪದ ಕೇಳುತ್ತದೆ: ಲೋಡು, ವೋಲ್ಟು, ಎಣ್ಣೆ. ಸ್ಟೇಷನ್ ಮೂರು ಅಂಕಿ ಹೇಳಬೇಕು. ಬೇರೆ ಮಾತು ಬೇಡ. ಲೋಡು ಎಂದರೆ ಸ್ಟೇಷನ್ ಹೊತ್ತಿರುವ ಕರೆಂಟಿನ ಭಾರ. ಎಣ್ಣೆ ಎಂದರೆ ಟ್ರಾನ್ಸ್‌ಫಾರ್ಮರ್ ಒಳಗಿನ ಎಣ್ಣೆಯ ಬಿಸಿ. ಅದರ ಮುಖದ ಮೇಲಿನ ಮುಳ್ಳು ತೋರಿಸುವ ಡಿಗ್ರಿ.

ಪದ್ಧತಿ ಕೆಲಸ ಮಾಡಿತು. ನಾಲ್ಕು ನಿಮಿಷದೊಳಗೆ ಇಡೀ ಜಿಲ್ಲೆ ನನ್ನ ಹಾಳೆಯ ಮೇಲೆ ಬರುತ್ತಿತ್ತು. ಗೋಡೆಯ ಮೇಲೆ ದೊಡ್ಡ ನಕ್ಷೆ ತೂಗುಹಾಕಿ ಗಂಟೆಗಂಟೆಯ ಲೋಡಿನ ಏರಿಳಿತದ ಗೆರೆ ಎಳೆಯುತ್ತಿದ್ದೆ. ಹಳೆಯ ಕೊಡಗು ಸರ್ಕಾರದ ಕಾಲದಿಂದ ಇದ್ದ ಹೆಡ್ ಕ್ಲಾರ್ಕ್ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು, "ಇವತ್ತು ನಿಮ್ಮ ಪಂಚಾಂಗ ಎಂತ ಹೇಳ್ತದೆ? ರಾಹುಕಾಲ ಎಷ್ಟೊತ್ತಿಗೆ?" ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ವಿಶ್ವವಿದ್ಯಾನಿಲಯದಲ್ಲಿ ಕಲಿತ ಒಂದೇ ವಿಷಯ ನನ್ನಲ್ಲಿ ಗಟ್ಟಿಯಾಗಿ ಉಳಿದಿತ್ತು: ಯಾರ ಮಾತನ್ನೂ ನಂಬಬೇಡ, ಅಳತೆಯನ್ನು ನಂಬು. ಆ ಅಳತೆ ನನಗೆ ಬರುತ್ತಿದ್ದದ್ದೇ ಇನ್ನೊಬ್ಬರ ಮಾತಿನ ಮೂಲಕ ಎಂಬುದು ಯಾಕೋ ಹೊಳೆದಿರಲಿಲ್ಲ.

ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ಹೆಚ್ಚಿನ ದಿನಗಳಲ್ಲಿ ಒಂದು ಗಂಟೆಗೂ ಮುಂದಿನ ಗಂಟೆಗೂ ಅಂಕಿಗಳಲ್ಲಿ ದೊಡ್ಡ ವ್ಯತ್ಯಾಸ ಇರುತ್ತಿರಲಿಲ್ಲ. ಆದ್ದರಿಂದ ಹಿಂದಿನ ಗಂಟೆಯ ಅಂಕಿಗಳನ್ನು ಮುಂದಿನ ಸಾಲಿನಲ್ಲಿ ಪೆನ್ಸಿಲಿನಿಂದ ತೆಳ್ಳಗೆ ಬರೆದಿಟ್ಟುಕೊಳ್ಳುತ್ತಿದ್ದೆ. ಕರೆ ಮಾಡಿದಾಗ ಬದಲಾವಣೆ ಇದ್ದರೆ ತಿದ್ದಿ, ಇಲ್ಲದಿದ್ದರೆ ಅದರ ಮೇಲೆಯೇ ಶಾಯಿ ಹಾಕುತ್ತಿದ್ದೆ. ಕೆಲಸ ಬೇಗ ಮುಗಿಯುತ್ತಿತ್ತು.

ದಕ್ಷಿಣದ ಸ್ಟೇಷನ್ನಿನ ಆಪರೇಟರ್ ಸಂಪಾಜೆ ಕಡೆಯ ಗೌಡರು, 'ಇದೆ' ಎನ್ನುವಲ್ಲಿ 'ಉಟ್ಟು' ಎನ್ನುವ ಅರೆಭಾಷೆಯವರು. ನನಗಿಂತ ಹದಿನೈದು ವರ್ಷ ದೊಡ್ಡವರು. ಹಳೆಯ ಕೊಡಗಿನ ನೌಕರಿ. ಮೈಸೂರು ಸರ್ಕಾರದ ನೌಕರರ ಪಟ್ಟಿಗೆ ಸೇರಿಸುವ ಆದೇಶ ಇನ್ನೂ ಬಂದಿರಲಿಲ್ಲ. ಅಂಥವರು ಆಗ ಅನೇಕರಿದ್ದರು. ಕಡತದಲ್ಲಿ ಒಂದು ಕಪ್ಪು ಗುರುತು ಬಿದ್ದರೆ ಅವರ ಹೆಸರು ಪಟ್ಟಿಯಿಂದ ಹೊರಗೆ.

ಕಾಫಿ ಕೊಯ್ಲಿನ ಕಾಲದಲ್ಲಿ ಆ ಸ್ಟೇಷನ್ನಿಗೆ ಕಷ್ಟ. ಮಧ್ಯಾಹ್ನದ ಮೇಲೆ ಕೊಯ್ದ ಹಣ್ಣು ಗೋದಾಮಿಗೆ ಬಂದು, ಎಲ್ಲ ಎಸ್ಟೇಟಿನಲ್ಲೂ ಒಟ್ಟಿಗೇ ಸಿಪ್ಪೆ ಬಿಡಿಸುವ ಪಲ್ಪಿಂಗ್ ಶುರುವಾಗುತ್ತದೆ. ಆ ವರ್ಷ ಹಲವರು ಎಣ್ಣೆ ಇಂಜಿನ್ ಬಿಟ್ಟು ಹೊಸ ಮೋಟಾರು ಹಾಕಿಸಿದ್ದರು. ಒಂದು ದಿನ ಟ್ರಾನ್ಸ್‌ಫಾರ್ಮರ್ ಬಿಸಿಯೇರಿದ್ದು ಕಂಡು ಆಪರೇಟರ್ ತಾವೇ ಎಸ್ಟೇಟುಗಳಿಗೆ ಹೋಗುವ ಲೈನನ್ನು, ಅಂದರೆ ಫೀಡರನ್ನು, ಕಡಿದು ಕರೆಂಟು ನಿಲ್ಲಿಸಿದ್ದರು. ಹಣ್ಣು ರಾಶಿಯಲ್ಲೇ ಹುಳಿಯಿತೆಂದು ಒಬ್ಬ ಪ್ಲಾಂಟರು ದೂರು ಕೊಟ್ಟರು. ನಮ್ಮ ಕಚೇರಿಯ ದೊಡ್ಡ ಇಂಜಿನಿಯರರ ಅಪ್ಪಣೆಯಂತೆ ನಾನು ಮೆಮೊ ಬರೆದೆ: ಮಡಿಕೇರಿಯ ಮಾತಿಲ್ಲದೆ ಇನ್ನು ಮುಂದೆ ಯಾವ ಫೀಡರನ್ನೂ ಕಡಿಯತಕ್ಕದ್ದಲ್ಲ.

ಮರುದಿನ ಆಪರೇಟರ್ ಮೂರು ಅಂಕಿ ಹೇಳಿದ ಮೇಲೆ, "ಮೆಮೊ ಬಂತು ಸಾರ್. ಇನ್ನು ಬೆಂಕಿ ಹತ್ತಿದ್ರೂ ನಿಮ್ಮನ್ನ ಕೇಳಿಯೇ ಆರಿಸ್ತೇನೆ," ಎಂದರು.

"ಅಂಕಿ ಮಾತ್ರ," ಎಂದು ಫೋನ್ ಇಟ್ಟೆ.

ಆ ಹಾಳೆಯ ದಿನ ಮಧ್ಯಾಹ್ನ ಮೈಸೂರಿನಿಂದ ಮೇಲಧಿಕಾರಿಯೊಬ್ಬರು ಬಂದಿದ್ದರು. ನನ್ನ ನಕ್ಷೆಯ ವಿಷಯ ಅವರ ಕಿವಿಗೂ ಬಿದ್ದಿತ್ತು. ನಾಲ್ಕು ಗಂಟೆಗೆ ಹತ್ತು ನಿಮಿಷ ಇರುವಾಗ ದೊಡ್ಡ ಇಂಜಿನಿಯರರು ಬಾಗಿಲಲ್ಲಿ ನಿಂತು, "ಬನ್ರೀ, ನಕ್ಷೆ ತಗೊಂಡ್ ಬನ್ನಿ, ಸಾಹೇಬ್ರು ನೋಡ್ತಾರಂತೆ," ಎಂದು ಕರೆದರು. ನಾನು ನಕ್ಷೆ ಸುತ್ತಿಕೊಂಡು ಹೊರಟೆ. ಹೊರಡುವ ಮುಂಚೆ ನಾಲ್ಕು ಗಂಟೆಯ ಸಾಲನ್ನು ಪೆನ್ಸಿಲಿನಲ್ಲಿ ತುಂಬಿಸಿದೆ. ಇಷ್ಟು ಖಚಿತ.

ಮುಂದಿನದು ನನ್ನ ನೆನಪಿನಂತೆ ಹೀಗೆ. ಸಾಹೇಬರ ಕೋಣೆಯಿಂದ ಒಮ್ಮೆ ಎದ್ದು ಬಂದು, ಮೂರು ಕಡೆಗೂ ಫೋನ್ ಮಾಡಿ, ಅಂಕಿ ತೆಗೆದುಕೊಂಡು ಮತ್ತೆ ಒಳಗೆ ಹೋದೆ. ದಕ್ಷಿಣದ ಆಪರೇಟರ್ ಎಣ್ಣೆಯ ಅಂಕಿ "ಅರವತ್ತೆರಡು" ಎಂದರು. ಹಿಂದೆ ತಂತಿಯ ಗುಂಯ್ ಶಬ್ದ, 'ಅರವತ್ತು' ಎಂದ ಮೇಲೆ ಸಣ್ಣ ನಿಲುಗಡೆ, ಆಮೇಲೆ 'ಎರಡು'. ಸಾಹೇಬರು ನಕ್ಷೆ ನೋಡಿ, "ಇಲ್ಲೇ ಕೂತು ಇಡೀ ಜಿಲ್ಲೆ ನೋಡ್ತೀರಿ ಅನ್ನಿ," ಎಂದರು. ನಾನು ಹಿಗ್ಗಿದೆ. ಹೊರಗೆ ಬಂದು ಸಾಲಿಗೆ ಶಾಯಿ ಹಾಕಿದೆ. ಐದು ಗಂಟೆಗೆ ದಕ್ಷಿಣದ ಸ್ಟೇಷನ್ನಿನಲ್ಲಿ ಯಾರೂ ಫೋನ್ ಎತ್ತಲಿಲ್ಲ. ತಂತಿ ಕೆಟ್ಟಿರಬೇಕೆಂದುಕೊಂಡೆ. ಐದೂವರೆಗೆ ಒಂದು ಎಸ್ಟೇಟಿನಿಂದ ಊರ ಟೆಲಿಫೋನಿಗೆ ಸುದ್ದಿ ಬಂತು: ನಾಲ್ಕೂ ನಲವತ್ತಕ್ಕೆ ಟ್ರಾನ್ಸ್‌ಫಾರ್ಮರ್ ಒಡೆದು ಎಣ್ಣೆಗೆ ಬೆಂಕಿ ಹತ್ತಿದೆ, ಮರಳು ಎರಚಲು ಹೋದ ಆಪರೇಟರ್ ಕೈ ಸುಟ್ಟುಕೊಂಡಿದ್ದಾರೆ.

ಎರಡು ವಾರದ ಮೇಲೆ ಸ್ಟೇಷನ್ನಿನ ಅಂಗಳದಲ್ಲೇ ವಿಚಾರಣೆ. ಸುಟ್ಟ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಬೆಂಚು ಹಾಕಿ ದೊಡ್ಡ ಇಂಜಿನಿಯರರು ಕುಳಿತರು. ಆಪರೇಟರ್ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದರು. ಅವರ ರೀಡಿಂಗ್ ಪುಸ್ತಕ ಸುಟ್ಟುಹೋಗಿತ್ತು. ನನ್ನ ಹಾಳೆಯೊಂದೇ ದಾಖಲೆ.

"ನಾಲ್ಕು ಗಂಟೆಗೆ ಎಷ್ಟಿತ್ತು ಎಣ್ಣೆ?" ದೊಡ್ಡ ಇಂಜಿನಿಯರರು ಆಪರೇಟರನ್ನು ಕೇಳಿದರು.

"ಎಂಬತ್ತು ಸಾರ್. ನಾಲ್ಕೂ ಇಪ್ಪತ್ತಕ್ಕೆ ತೊಂಬತ್ತರ ಮೇಲೆ."

"ಹಾಗಂತ ಹೇಳಿದ್ರಾ ಇವರಿಗೆ?"

"ಯಾರಿಗೆ ಹೇಳೂದು? ನಾಲ್ಕು ಗಂಟೆಗೆ ಇವ್ರ ಕರೆ ಬರ್ಲೇ ಇಲ್ಲೆ. ನಾನೇ ಹ್ಯಾಂಡ್ಲು ತಿರುಗ್ಸಿ ತಿರುಗ್ಸಿ ಸಾಕಾತ್. ಎತ್ತುವವ್ರು ಇಲ್ಲೆ."

"ಫೀಡರ್ ಕಡೀಬೇಕಿತ್ತು."

"ಕಡಿದದ್ದಕ್ಕೆ ಒಂದು ಮೆಮೊ ಉಟ್ಟು ಸಾರ್. ಕಡಿಯದ್ದಕ್ಕೆ ಇದು."

ನನ್ನ ಸರದಿ ಬಂತು. ನಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳುವವನು. ನಾಲ್ಕು ಗಂಟೆಗೆ ಕರೆ ಮಾಡಿದೆ, ಅರವತ್ತೆರಡು ಎಂದರು, ಬರೆದುಕೊಂಡೆ ಎಂದೆ. ಧ್ವನಿ ಗುರುತು ಸಿಕ್ಕಿತೇ ಎಂದು ಕೇಳಿದಾಗ, ಸಿಕ್ಕಿತು ಎಂದೆ. ಆಪರೇಟರ್ ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

"ಸಾರ್, ನೀವು ಸುಳ್ಳು ಹೇಳುವವ್ರಲ್ಲ. ಅದೇ ನಂಗೆ ಅರ್ಥ ಆಗುದಿಲ್ಲೆ," ಎಂದರು.

ಆಪರೇಟರ್ ಮುಳ್ಳು ನೋಡದೆಯೇ ಅಂಕಿ ಹೇಳಿ, ಆಮೇಲೆ ಜಾಗ ಬಿಟ್ಟು ಎಲ್ಲೋ ಹೋಗಿದ್ದರು ಎಂದು ದೊಡ್ಡ ಇಂಜಿನಿಯರರು ತೀರ್ಮಾನಿಸಿದರು. ಅವರನ್ನು ಸಸ್ಪೆಂಡ್ ಮಾಡಿ, ಪಟ್ಟಿಗೆ ಸೇರಿಸುವುದನ್ನು ತಡೆಹಿಡಿದು ಕಳುಹಿಸಿದರು. ಟ್ರಾನ್ಸ್‌ಫಾರ್ಮರ್ ಯಾಕೆ ಒಡೆಯಿತು ಎಂಬ ತಾಂತ್ರಿಕ ವರದಿ ಬರೆಯುವ ಕೆಲಸ ನನಗೆ ಬಂತು.

ಅಲ್ಲೇ ಮೊದಲ ತೊಡಕು. ಟ್ರಾನ್ಸ್‌ಫಾರ್ಮರ್ ಎಣ್ಣೆ ಹಂಡೆಯ ನೀರಿನಂತೆ. ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ನಾಲ್ಕು ಗಂಟೆಗೆ ಅರವತ್ತೆರಡು ಇದ್ದದ್ದು ನಾಲ್ಕೂ ನಲವತ್ತಕ್ಕೆ ಬೆಂಕಿ ಹತ್ತುವ ಮಟ್ಟಕ್ಕೆ ಏರುವುದು ಹೇಗೆ? ಒಳಗಿನ ಸುರುಳಿ ಒಂದು ಕಡೆ ಇದ್ದಕ್ಕಿದ್ದಂತೆ ಸುಟ್ಟುಹೋದರೆ ಸಾಧ್ಯ. ಹಾಗೆಯೇ ಆಗಿರಬೇಕೆಂದು ಕರಡು ಬರೆದೆ. ನಂತರ ಟ್ರಾನ್ಸ್‌ಫಾರ್ಮರ್ ಬಿಚ್ಚಿಸಿದೆವು. ಸುರುಳಿಗೆ ಸುತ್ತಿದ ಕಾಗದ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಕಂದಾಗಿತ್ತು; ಬೆರಳಿನಲ್ಲಿ ತಿಕ್ಕಿದರೆ ಪುಡಿಯಾಗುತ್ತಿತ್ತು. ಒಂದು ಜಾಗದ ಸಿಡಿತ ಹಾಗೆ ಮಾಡುವುದಿಲ್ಲ. ಅದು ಬಹಳ ಹೊತ್ತು, ಹೆಚ್ಚು ಭಾರ ಹೊತ್ತು, ಒಳಗಿಂದೊಳಗೆ ಬೆಂದಿತ್ತು. ಹಾಗಾದರೆ ನಾಲ್ಕಕ್ಕೆ ಅರವತ್ತೆರಡು ಇದ್ದಿರಲು ಸಾಧ್ಯವಿರಲಿಲ್ಲ.

ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದೆ. ನಾಲ್ಕು ಗಂಟೆಯ ಶಾಯಿಯ ಕೆಳಗೆ ಪೆನ್ಸಿಲಿನ ಹೊಳಪಿತ್ತು. ಆದರೆ ಬೇರೆ ಸಾಲುಗಳ ಕೆಳಗೂ ಇತ್ತು. ಅದರಿಂದ ಏನೂ ಸಿದ್ಧವಾಗಲಿಲ್ಲ. ಸಾಹೇಬರ ಕೋಣೆಯಿಂದ ನಾನು ನಡುವೆ ಎದ್ದು ಬಂದದ್ದನ್ನು ಕಂಡವರಿದ್ದಾರೆಯೇ ಎಂದು ಹೆಡ್ ಕ್ಲಾರ್ಕರನ್ನು ಕೇಳಿದೆ.

"ನಾನು ನಿಮ್ಮ ಬಾಗಿಲು ಕಾಯ್ತಾ ಕೂತಿರ್ಲಿಲ್ಲ," ಎಂದರು. ಕಡತದ ದಾರ ಕಟ್ಟುತ್ತಾ, "ಗಂಟೆ ಮಾತ್ರ ಹೊಡ್ಕೊಳ್ತಾ ಇತ್ತು. ನೀವು ನಿಮ್ಮ ಕೋಣೆಯಲ್ಲೇ ಇದ್ದೀರಿ ಅಂತ ಮಾಡಿದ್ದೆ," ಎಂದರು.

"ಮಡಿಕೇರಿಯ ಗಂಟೆಯಾ? ಒಂದೇ ಉದ್ದ?"

"ಉದ್ದ ಗಿಡ್ಡ ಎಲ್ಲ ನಿಮ್ಮ ವಿದ್ಯೆ. ನನಗೆ ಎಂತ ಗೊತ್ತು?"

"ಅವತ್ತೇ ಯಾಕೆ ಹೇಳಲಿಲ್ಲ?"

"ಅವತ್ತು ನೀವು ಕೇಳ್ಲಿಲ್ಲ. ನೀವು ಮೈಸೂರಿನವ್ರು ಕಾಗದ ನೋಡ್ತೀರಿ, ನಮ್ಮನ್ನ ಕೇಳೋದುಂಟಾ?"

ಆಗ ಹೊಳೆಯಿತು. ದಕ್ಷಿಣದಿಂದ ಗಂಟೆ ಬಾರಿಸಿದ್ದರೆ ಅದು ಉತ್ತರದ ಸ್ಟೇಷನ್ನಿನಲ್ಲೂ ಕೇಳಿರಬೇಕು. ನಾನು ನಾಲ್ಕಕ್ಕೆ ಕರೆ ಮಾಡಿದ್ದರೆ ಅಲ್ಲಿನ ಪುಸ್ತಕದಲ್ಲೂ ಇರಬೇಕು. ಹೋಗಿ ನೋಡುತ್ತೇನೆ ಎಂದೆ. ಹೆಡ್ ಕ್ಲಾರ್ಕ್ ಕನ್ನಡಕ ತೆಗೆದು ಒರೆಸುತ್ತಾ, "ನೋಡಿ. ಸಿಕ್ಕಿದ್ರೆ ಎಂತ ಮಾಡ್ತೀರಿ ಅಂತ ಬಸ್ಸಿನಲ್ಲೇ ಯೋಚ್ನೆ ಮಾಡಿ. ಬಂದ ಮೇಲೆ ಯೋಚ್ನೆಗೆ ಟೈಮ್ ಇರೂದಿಲ್ಲ," ಎಂದರು.

ಬಸ್ಸಿನಲ್ಲಿ ನಾನು ಯೋಚಿಸಿದ್ದು ಬೇರೆ. ಪುಸ್ತಕದಲ್ಲಿ ನನ್ನ ಕರೆ ಇರಲಿ ಎಂದು ಮನಸ್ಸು ಬಯಸುತ್ತಿತ್ತು. ದೇವರನ್ನು ನಂಬದವನಿಗೆ ಹಾಗೆ ಬೇಡಿಕೊಳ್ಳಲು ಯಾರೂ ಇರುವುದಿಲ್ಲ.

ಉತ್ತರದ ಆಪರೇಟರ್ ಅಲ್ಲೇ ಹತ್ತಿರದ ಬೇಸಾಯಗಾರರ ಮನೆಯವರು. ಹಣೆಗೆ ವಿಭೂತಿ, ಮೈಮೇಲೆ ಇಲಾಖೆಯ ಖಾಕಿ. ನನ್ನನ್ನು ಕಂಡು ಗಾಬರಿಯಾಗಿ ಕುರ್ಚಿ ಒರೆಸಿದರು.

"ಏನ್ ಸ್ವಾಮಿ, ಇಷ್ಟ್ ದೂರ? ಫೋನ್ನಾಗೇ ಕೇಳಿದ್ರೆ ಆಗ್ತಿರ್ಲಿಲ್ವಾ? ಓ, ಅದ್ರಾಗೆ ಮೂರೇ ಪದ ಅಲ್ವಾ!"

ಪುಸ್ತಕ ಕೇಳಿದೆ. ತಂದು ಮುಂದಿಟ್ಟರು. ಆ ದಿನದ ಪುಟ. ಮೂರು ಗಂಟೆ, ಮಡಿಕೇರಿ ಕರೆ. ಐದು ಗಂಟೆ, ಮಡಿಕೇರಿ ಕರೆ. ನಾಲ್ಕರ ಎದುರು ಅವರ ಸ್ವಂತ ರೀಡಿಂಗ್ ಇತ್ತು, ಲೋಡು ನಲವತ್ತೊಂದು, ಮುಂದೆ "ಕರೆ ಬಂದಿಲ್ಲ." ನನ್ನ ಹಾಳೆಯಲ್ಲಿ ನಾಲ್ಕು ಗಂಟೆಗೆ ಅವರ ಸ್ಟೇಷನ್ನಿನ ಲೋಡು ನಲವತ್ತೆಂಟು. ಅದು ಮೂರು ಗಂಟೆಯ ಅಂಕಿ. ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: "ನಾಲ್ಕೂ ಐದರಿಂದ ನಾಲ್ಕೂ ಮೂವತ್ತೈದರವರೆಗೆ ಮಡಿಕೇರಿಗೆ ಗಂಟೆ. ಹನ್ನೊಂದು ಸಲ. ಯಾರೂ ಎತ್ತಿಲ್ಲ."

ಆ ಸಾಲಿನ ಮೇಲೆ ಬೆರಳಿಟ್ಟೆ.

"ನೀವಾದರೂ ಎತ್ತಬಹುದಿತ್ತಲ್ಲ," ಎಂದೆ.

ಅವರು ಗೋಡೆ ತೋರಿಸಿದರು. ಅಲ್ಲಿ ಅಂಟಿನಿಂದ ಮೆತ್ತಿದ್ದ ಸುತ್ತೋಲೆ. ಕೆಳಗೆ ನನ್ನ ಸಹಿ. "ತನ್ನ ಗಂಟೆ ಅಲ್ದಿದ್ರೆ ಎತ್ಬೇಡ ಅಂದೋರು ನೀವೇ ಸ್ವಾಮಿ. ಹನ್ನೊಂದ್ ಸಲವೂ ಕೈ ಫೋನ್ ಮ್ಯಾಕೆ ಇಟ್ಕಂಡೇ ಕುಂತಿದ್ದೆ."

"ಐದು ಗಂಟೆಗೆ ನಾನು ಕರೆ ಮಾಡಿದಾಗ ಹೇಳಬಹುದಿತ್ತು."

"ಹೇಳಕ್ ಬಂದ್ನಲ್ಲ! 'ಸ್ವಾಮಿ, ಒಂದ್ ಮಾತು' ಅಂದೆ. 'ಅಂಕಿ ಮಾತ್ರ' ಅಂದ್ರಿ. ನೆಪ್ಪಿಲ್ವಾ?"

ನನಗೆ ನೆನಪಿರಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ನಡೆಯದ ಕರೆ ಸ್ಪಷ್ಟವಾಗಿ ನೆನಪಿತ್ತು. ನಡೆದ ಮಾತು ಪೂರಾ ಅಳಿಸಿಹೋಗಿತ್ತು.

ಪುಸ್ತಕ ಬೇಕು ಎಂದಾಗ ಅವರು ಎರಡು ಕೈಯಿಂದ ಅದನ್ನು ಹಿಡಿದುಕೊಂಡರು. ಅವರೂ ಹಳೆಯ ಕೊಡಗಿನ ನೌಕರರೇ. ಅವರ ಹೆಸರೂ ಪಟ್ಟಿ ಸೇರಿರಲಿಲ್ಲ. ಬೇಡವೆಂದರೆ ಬೇಡ, ನೋಡಿ ಬರೆದುಕೊಂಡು ಹೋಗುತ್ತೇನೆ ಎಂದೆ.

"ನೀವ್ ಬರ್ಕಂಡ್ರೆ ಯಾರು ನಂಬ್ತಾರೆ ಸ್ವಾಮಿ?" ಎಂದರು. ಚುಚ್ಚಬೇಕೆಂದು ಆಡಿದ ಮಾತಲ್ಲ. ಯೋಚಿಸಿಯೇ ಹೇಳಿದರು. ಆಮೇಲೆ ಪುಸ್ತಕವನ್ನು ಪಂಚೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. "ಆ ಗೌಡ್ರನ್ನ ನಾನು ಒಂದ್ ದಿನಾನೂ ಮುಖ ನೋಡಿ ಮಾತಾಡ್ಸ್ದೋನಲ್ಲ. ಗಂಟೆ ಸದ್ದು ಮಾತ್ರ ಗೊತ್ತು. ತಗಂಡ್ ಹೋಗಿ."

ಮರುದಿನ ಬೆಳಿಗ್ಗೆ ಪುಸ್ತಕವನ್ನೂ ನನ್ನ ಹಾಳೆಯನ್ನೂ ಒಂದು ಹೇಳಿಕೆಯನ್ನೂ ದೊಡ್ಡ ಇಂಜಿನಿಯರರ ಮೇಜಿನ ಮೇಲೆ ಇಟ್ಟೆ. ಅವರು ಎಲ್ಲವನ್ನೂ ಓದಿ, ಹೇಳಿಕೆಯನ್ನು ನನ್ನ ಕಡೆಗೆ ತಳ್ಳಿದರು.

"ನನ್ನೆದುರಿಗೆ ಸುಳ್ಳು ಹೇಳಿದ್ರಾ?"

"ಸುಳ್ಳಲ್ಲ ಸಾರ್. ತಪ್ಪು."

"ಧ್ವನಿ ಕೇಳಿದೆ ಅಂದ್ರಿ."

"ಈಗಲೂ ಕೇಳುತ್ತದೆ."

"ಮತ್ತೆ?"

"ಅದು ಮೂರು ಗಂಟೆಯದಿರಬೇಕು. ಅಥವಾ ಬೇರೆ ಯಾವತ್ತಿನದೋ. ನಾಲ್ಕು ಗಂಟೆಗೆ ನಾನು ಫೋನ್ ಮುಟ್ಟಿಲ್ಲ. ಪೆನ್ಸಿಲ್ ಅಂಕಿಯ ಮೇಲೆ ಶಾಯಿ ಹಾಕಿದ್ದೇನೆ."

ಅವರು ಎದ್ದು ಬಾಗಿಲು ಮುಂದೆ ಮಾಡಿದರು. ಕೆಟ್ಟವರೇನಲ್ಲ. ದಕ್ಷಿಣಕ್ಕೆ ಇನ್ನೂ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕೆಂದು ಬರೆದ ಬೇಡಿಕೆ ನನ್ನ ನಕ್ಷೆಯ ಆಧಾರದ ಮೇಲೆಯೇ ಬೆಂಗಳೂರಿಗೆ ಹೋಗಿತ್ತು. "ಒಂದು ಸಾಲು ಸುಳ್ಳು ಅಂದ್ರೆ ವರ್ಷದ ಹಾಳೆ ಎಲ್ಲಾ ಸುಳ್ಳು ಅಂತಾರೆ. ಬೇಡಿಕೆ ವಾಪಸ್ ಬರುತ್ತೆ. ಮುಂದಿನ ಕೊಯ್ಲಿಗೆ ಇನ್ನೊಂದು ಸುಡುತ್ತೆ. ಒಬ್ಬ ಆಪರೇಟರ್‌ಗೋಸ್ಕರ ಇದೆಲ್ಲಾ ಬೇಕೇನ್ರೀ? ಸಂಜೆವರೆಗೂ ಯೋಚ್ನೆ ಮಾಡಿ. ಆಮೇಲೆ ಬಂದು ಈ ಹೇಳಿಕೆ ವಾಪಸ್ ತಗೊಂಡ್ ಹೋಗಿ."

ಅವರ ಮಾತಿನಲ್ಲಿ ಹುರುಳಿತ್ತು. ಅದೇ ನನ್ನನ್ನು ಹೆಚ್ಚು ಕಾಡಿತು. ನನ್ನ ಉಳಿದ ಹಾಳೆಗಳು ನಿಜವೇ ಎಂದು ಆ ಗಳಿಗೆಯಲ್ಲಿ ಕೇಳಿದ್ದರೆ ಆಣೆ ಮಾಡಲು ನನ್ನಿಂದ ಆಗುತ್ತಿರಲಿಲ್ಲ. ಸಂಜೆ ಹೋಗಿ ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದೆ. ಅದಕ್ಕೆ ಇನ್ನೊಂದು ಸಾಲು ಸೇರಿಸಿದೆ: ಪೆನ್ಸಿಲ್ ಅಂಕಿ ಮೊದಲೇ ಬರೆದಿಡುವುದು ನನ್ನ ದಿನದ ಅಭ್ಯಾಸ, ಬೇರೆ ಯಾವ ಯಾವ ಸಾಲು ಹೀಗಾಗಿವೆಯೋ ನನಗೆ ತಿಳಿಯದು.

"ನೀವು ಕಲ್ತಿದ್ದು ಜಾಸ್ತಿಯಾಯ್ತು," ಎಂದರು. ಸಹಿ ಹಾಕಿ ಮೇಲಕ್ಕೆ ಕಳುಹಿಸಿದರು.

ಮಳೆಗಾಲ ಕಳೆದ ಮೇಲೆ ಆದೇಶ ಬಂತು. ಆ ದಿನ ನಾಲ್ಕು ಗಂಟೆಗೆ ಟೆಲಿಫೋನ್ ತಂತಿಯಲ್ಲಿ ದೋಷವಿತ್ತು, ಆದ್ದರಿಂದ ಯಾರದೂ ತಪ್ಪಿಲ್ಲ ಎಂದು ಅದರಲ್ಲಿತ್ತು. ತಂತಿ ಸರಿಯಾಗಿಯೇ ಇತ್ತು. ಹನ್ನೊಂದು ಸಲ ಗಂಟೆ ಬಾರಿಸಿತ್ತು ಎಂಬ ಪುಟವನ್ನು ಅದೇ ಕಡತಕ್ಕೆ ಪಿನ್ ಮಾಡಿದ್ದರು. ಆಪರೇಟರನ್ನು ಕೆಲಸಕ್ಕೆ ಸೇರಿಸಿಕೊಂಡರು, ಹೊಸಬರಾಗಿ, ಆದೇಶದ ತಾರೀಖಿನಿಂದ. ಹಿಂದಿನ ಅಷ್ಟು ವರ್ಷದ ನೌಕರಿ ಲೆಕ್ಕಕ್ಕೆ ಬರಲಿಲ್ಲ. ಅವರ ಕೈ ಕೆಳಗೆ ಕೆಲಸ ಕಲಿತವರು ಪಟ್ಟಿಯಲ್ಲಿ ಅವರಿಗಿಂತ ಮೇಲಾದರು. ನನಗೆ ಇನ್ನು ಮುಂದೆ ಎಚ್ಚರದಿಂದಿರಬೇಕು ಎಂಬ ಒಂದು ಸಾಲಿನ ಪತ್ರ. ಟ್ರಾನ್ಸ್‌ಫಾರ್ಮರ್ ಬೇಡಿಕೆ ವಾಪಸ್ಸು ಬರಲಿಲ್ಲ. ಯಾರೂ ಹಾಳೆಗಳನ್ನು ನೋಡಿಯೇ ಇರಲಿಲ್ಲವೆಂದು ಕಾಣುತ್ತದೆ.

ಆಪರೇಟರ್ ಮರಳಿದ ಮೊದಲ ದಿನ ಬೆಳಿಗ್ಗೆ ಏಳಕ್ಕೆ ಅವರ ಗಂಟೆ ಬಾರಿಸಿದೆ. ಹೊಸ ಸುತ್ತೋಲೆ ಆಗಲೇ ಹೋಗಿತ್ತು: ಯಾರ ಗಂಟೆಯಾದರೂ ಉತ್ತರವಿಲ್ಲದಿದ್ದರೆ ಯಾರಾದರೂ ಎತ್ತಬಹುದು, ಅಪಾಯ ಕಂಡರೆ ಆಪರೇಟರ್ ತಾನೇ ಫೀಡರ್ ಕಡಿಯಬಹುದು. ನನ್ನ ಮೇಜಿನಿಂದ ಪೆನ್ಸಿಲ್ ತೆಗೆದಿದ್ದೆ. ಫೋನ್ ಎತ್ತಿದ್ದು ತಿಳಿಯಿತು. ಏನಾದರೂ ಹೇಳಬೇಕೆಂದು ಎರಡು ದಿನದಿಂದ ಮಾತು ಜೋಡಿಸಿಕೊಂಡಿದ್ದೆ.

"ನಾನು..." ಎಂದೆ.

"ಅಂಕಿ ಮಾತ್ರ ಸಾರ್," ಎಂದರು. ಲೋಡು ಹೇಳಿದರು, ವೋಲ್ಟು ಹೇಳಿದರು, ಎಣ್ಣೆ ನಲವತ್ನಾಲ್ಕು ಎಂದರು. ನಾನು ಬರೆದುಕೊಂಡೆ. ಆದರೆ ಅವರು ಫೋನ್ ಇಡಲಿಲ್ಲ.

"ಬರೆದದ್ದು ಓದಿ ಹೇಳಿ."

ಮೂರೂ ಅಂಕಿ ಓದಿದೆ.

"ಸರಿ ಉಟ್ಟು," ಎಂದು ಇಟ್ಟರು.

ಎಂಟು ಗಂಟೆಗೂ ಅದೇ, ಒಂಬತ್ತಕ್ಕೂ ಅದೇ. ನಾನು ಮಡಿಕೇರಿಯಲ್ಲಿ ಇನ್ನೂ ಒಂದೂವರೆ ವರ್ಷ ಇದ್ದೆ. ಅಷ್ಟು ಕಾಲವೂ ಅವರು ಒಂದು ಗಂಟೆಯನ್ನೂ ಓದಿಸದೆ ಬಿಡಲಿಲ್ಲ. ಅವರೇ ನನ್ನನ್ನು ಕರೆಯುವಾಗ ಗಂಟೆಯ ಸದ್ದು ಮೊದಲಿನಂತೆ ಸಮವಾಗಿ ಬರುತ್ತಿರಲಿಲ್ಲ. ಬಲಗೈಯ ಎರಡು ಬೆರಳು ಮಡಚಲು ಬರದೆ ಎಡಗೈಯಲ್ಲಿ ಹಿಡಿಕೆ ತಿರುಗಿಸುತ್ತಿದ್ದರು. ನಡುವೆ ಒಮ್ಮೆ ತಡೆದು ಮತ್ತೆ ಹೊಡೆಯುತ್ತಿತ್ತು. ಹೆಡ್ ಕ್ಲಾರ್ಕರಿಗೂ ಅದರ ಗುರುತು ಸಿಗತೊಡಗಿತು. "ನಿಮ್ಮ ಗೌಡ್ರು," ಎನ್ನುತ್ತಿದ್ದರು, ತಲೆಯೆತ್ತದೆ. ನಾನು ಎತ್ತುತ್ತಿದ್ದೆ, ಬರೆಯುತ್ತಿದ್ದೆ, ಓದಿ ಹೇಳುತ್ತಿದ್ದೆ. ನಾಲ್ಕು ಗಂಟೆಯ ಕರೆಯಲ್ಲಿ ಮಾತ್ರ ಅವರು ಎರಡು ಸಲ ಓದಿಸುತ್ತಿದ್ದರು.